ಬುಲೆಟ್ಟಿನ ಎಡಮಗ್ಗುಲಿಗೆ ಎಷ್ಟು ಎಣ್ಣೆ?

ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮ ಕನ್ನಡ ಸಂಸಾರಗಳಲ್ಲಿ ಹಳೆಯ ಬುಲೆಟ್ ಮೋಟಾರು ಸೈಕಲ್ಲನ್ನು ಅಕ್ಕರೆಯಿಂದ ಸಾಕಿಕೊಂಡಿರುವವರು ಇಂದಿಗೂ ಅಲ್ಲಲ್ಲಿ ಉಂಟು. ಕೆಲವರಿಗೆ ಅದು ತಂದೆಯವರಿಂದ ಬಂದ ಆಸ್ತಿ. ಮತ್ತೆ ಕೆಲವರು ಬೀದರ, ಕಲಬುರಗಿ, ರಾಯಚೂರುಗಳಿಂದ ಉದ್ಯೋಗಕ್ಕೆಂದು ಇಲ್ಲಿಗೆ ಬಂದಾಗ ಹಾಸಿಗೆ ಪಾತ್ರೆಗಳೊಡನೆ ಅದನ್ನೂ ತಂದವರು. ಇಂಥವರು ನಾಲ್ಕು ಜನ ಸೇರಿದ ಕಡೆಯಲ್ಲೆಲ್ಲ ಒಂದು ಪ್ರಶ್ನೆ ಏಳುವುದನ್ನು ನಾವು ಕೇಳಿದ್ದೇವೆ: ‘ಎಡಗಡೆಯ ಚೈನ್ ಪೆಟ್ಟಿಗೆಗೆ ಎಷ್ಟು ಎಣ್ಣೆ ಹಾಕಬೇಕು?’ ಒಬ್ಬರು ಅರ್ಧ ಲೀಟರು ಎನ್ನುತ್ತಾರೆ; ಇನ್ನೊಬ್ಬರು, ‘ಸ್ವಲ್ಪ ಮುಂದಾಗಿಯೇ ಇರಲಿ, ಯಂತ್ರ ತಂಪಾಗಿರುತ್ತದೆ’ ಎನ್ನುತ್ತಾರೆ. ನಮ್ಮಂಥ ಗುಮಾಸ್ತರಿಗೆ ಯಂತ್ರಶಾಸ್ತ್ರದ ಪಾಂಡಿತ್ಯವಿಲ್ಲದಿದ್ದರೂ ಅಂಕಿಯೊಂದನ್ನು ಕಂಡರೆ ಅದರ ಆಧಾರವನ್ನು ಹುಡುಕುವ ಅಭ್ಯಾಸವಿದೆ. ಹಾಗೆ ಹುಡುಕಿ ತಿಳಿದುದನ್ನು ವಾಚಕರ ಮುಂದೆ ಇಡುತ್ತಿದ್ದೇವೆ.

ಮೊದಲು ಈ ಪೆಟ್ಟಿಗೆ ಯಾವುದೆಂದು ತಿಳಿಯೋಣ. ಹಳೆಯ ಬುಲೆಟ್ಟಿಗೆ ಮೂರು ಹೊಟ್ಟೆಗಳು. ಎಂಜಿನ್ನಿಗೆ ಒಂದು ಎಣ್ಣೆ, ಗೇರ್ ಪೆಟ್ಟಿಗೆಗೆ ಬೇರೊಂದು, ಇವೆರಡನ್ನೂ ಜೋಡಿಸುವ ಎಡಮಗ್ಗುಲಿನ ಪೆಟ್ಟಿಗೆಗೆ ಮೂರನೆಯದು. ಎಂಜಿನ್ನಿನ ಶಕ್ತಿಯನ್ನು ಕ್ಲಚ್ಚಿಗೆ ಒಯ್ಯುವ ಮೊದಲ ಸರಪಳಿ ಈ ಮೂರನೆಯ ಪೆಟ್ಟಿಗೆಯಲ್ಲಿದೆ. ಕ್ಲಚ್ಚಿನ ಬಿಲ್ಲೆಗಳೂ ಅಲ್ಲಿಯೇ ತಿರುಗುತ್ತವೆ. ಇಂಗ್ಲಿಷಿನಲ್ಲಿ ಇದಕ್ಕೆ ‘ಪ್ರೈಮರಿ’ ಎಂದು ಹೆಸರು. ನಮ್ಮ ಮೆಕ್ಯಾನಿಕರ ಬಾಯಲ್ಲಿ ಅದು ‘ಕ್ಲಚ್ ಆಯಿಲ್’.

ಈ ಏರ್ಪಾಡು ಬಂದದ್ದು ಇಂಗ್ಲೆಂಡಿನ ರೆಡಿಚ್ ಊರಿನಿಂದ. ಅಲ್ಲಿನ ರಾಯಲ್ ಎನ್‌ಫೀಲ್ಡ್ ಕಂಪನಿಯವರು ೧೯೫೫ರಲ್ಲಿ ಮದ್ರಾಸ್ ಮೋಟಾರ್ಸ್ ಸಂಸ್ಥೆಯೊಡನೆ ಸೇರಿ ಎನ್‌ಫೀಲ್ಡ್ ಇಂಡಿಯಾ ಕಂಪನಿಯನ್ನು ಸ್ಥಾಪಿಸಿದರು. ಮದ್ರಾಸಿನ ತಿರುವೊಟ್ರಿಯೂರಿನಲ್ಲಿ ಕಾರ್ಖಾನೆ ಎದ್ದಿತು. ರೆಡಿಚ್ಚಿನ ಕಾರ್ಖಾನೆ ಮುಚ್ಚಿಹೋದ ಮೇಲೂ ಇಲ್ಲಿ ಅದೇ ನಮೂನೆಯ ಎಂಜಿನ್ನು ದಶಕಗಟ್ಟಲೆ ತಯಾರಾಗುತ್ತಲೇ ಇದ್ದಿತು. ಆದುದರಿಂದಲೇ ತಂದೆಯ ಗಾಡಿಗೂ ಮಗನ ಗಾಡಿಗೂ ಎಷ್ಟೋ ಮನೆಗಳಲ್ಲಿ ಒಂದೇ ಲೆಕ್ಕ ಅನ್ವಯಿಸುತ್ತದೆ.

ಆ ಲೆಕ್ಕವೇನು? ಎರಕದ ಕಬ್ಬಿಣದ ಎಂಜಿನ್ನಿನ, ನಾಲ್ಕು ಗೇರಿನ ಹಳೆಯ ಬುಲೆಟ್ಟಿನ ಚೈನ್ ಪೆಟ್ಟಿಗೆಗೆ ೪೨೦ ಮಿಲಿಲೀಟರು. ಅಂದರೆ ಹಾಲಿನ ಅರ್ಧ ಲೀಟರ್ ಪ್ಯಾಕೆಟ್ಟಿಗಿಂತ ೮೦ ಮಿಲಿಲೀಟರು ಕಡಿಮೆ. ಆದರೆ ಈ ಅಂಕಿಯನ್ನು ಬಾಯಿಪಾಠ ಮಾಡಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ೪೨೦ ಎಂಬುದು ಪೂರ್ತಿ ಬರಿದಾದ ಪೆಟ್ಟಿಗೆಯ ಲೆಕ್ಕ. ಮುಚ್ಚಳವನ್ನು ಪೂರ್ತಿ ತೆಗೆಯದೆ, ನಟ್ಟನ್ನು ಸಡಿಲಿಸಿ ಸೋರಿದಷ್ಟನ್ನು ಸೋರಿಸಿದರೆ ಹಳೆಯ ಎಣ್ಣೆ ಮೂಲೆಮುಡುಕುಗಳಲ್ಲಿ ಉಳಿದಿರುತ್ತದೆ. ಅದರ ಮೇಲೆ ೪೨೦ ಹೊಯ್ದರೆ ಮಟ್ಟ ಮೀರುವುದು ಖಂಡಿತ.

ಇದನ್ನು ಮನಗಂಡೇ ಗಾಡಿಯನ್ನು ಮಾಡಿದವರು ಮುಚ್ಚಳದ ಕೆಳಭಾಗಕ್ಕೆ ಒಂದು ಸಣ್ಣ ತಿರುಪನ್ನು ಇಟ್ಟಿದ್ದಾರೆ. ಅದು ಮಟ್ಟದ ತಿರುಪು. ಗಾಡಿಯನ್ನು ಸಮನೆಲದಲ್ಲಿ ನಡುಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಲ್ಲಿಸಿ, ಆ ತಿರುಪನ್ನು ಬಿಚ್ಚಿ, ಮೇಲಿನ ರಂಧ್ರದಿಂದ ನಿಧಾನವಾಗಿ ಎಣ್ಣೆ ಹೊಯ್ಯುತ್ತ ಹೋಗಬೇಕು. ಕೆಳಗಿನ ರಂಧ್ರದಲ್ಲಿ ಎಣ್ಣೆ ತೊಟ್ಟಿಕ್ಕಲು ಮೊದಲಾಯಿತೆಂದರೆ ಸಾಕು; ಕೈ ತಡೆಯಬೇಕು. ಸೋರುವುದು ನಿಂತ ಮೇಲೆ ತಿರುಪನ್ನು ಮುಚ್ಚಬೇಕು. ಡಬ್ಬಿಯ ಮೇಲಿನ ಗುರುತು ಅಂದಾಜಿಗೆ ಮಾತ್ರ; ತೀರ್ಪು ಕೊಡುವುದು ಈ ತಿರುಪು.

ಹೆಚ್ಚಾದರೆ ಏನು ಕೇಡು ಎಂದು ಕೇಳಬಹುದು. ಸರಪಳಿಯ ಕೆಳಭಾಗ ಎಣ್ಣೆಯಲ್ಲಿ ಅದ್ದಿ, ಮೇಲಕ್ಕೆ ಬೇಕಾದಷ್ಟನ್ನು ತಾನೇ ಹೊತ್ತೊಯ್ಯುತ್ತದೆ. ಅದಕ್ಕೆ ಅಷ್ಟೇ ಸಾಕು. ಮಟ್ಟ ಮೀರಿದರೆ ಕ್ಲಚ್ಚಿನ ಬಿಲ್ಲೆಗಳು ಎಣ್ಣೆಯಲ್ಲಿ ಈಜುತ್ತವೆ, ಹಿಡಿತ ಜಾರುತ್ತದೆ. ಬಂಜಾರಾ ಹಿಲ್ಸಿನ ಏರಿನಲ್ಲಿ ಎಂಜಿನ್ನು ಅಬ್ಬರಿಸಿದರೂ ಗಾಡಿ ಮುಂದಕ್ಕೆ ಎಳೆಯದಿದ್ದರೆ ಇದೂ ಒಂದು ಕಾರಣವಿರಬಹುದು. ಕಡೆಯಲ್ಲಿ ಕಡೆದು ನೊರೆಯೆದ್ದ ಎಣ್ಣೆ ಸಿಕ್ಕ ಸಂದಿಯಿಂದ ಹೊರಬೀಳುತ್ತದೆ. ಕ್ಲಚ್ಚಿನ ಹಿಂದುಗಡೆ ಹೊರಬಿದ್ದುದು ಹಿಂಗಾಲಿಯ ಸರಪಳಿಯ ಮೇಲೆ ಬಿದ್ದು, ಅಲ್ಲಿಂದ ಟೈರಿಗೆ ಸಿಡಿಯುತ್ತದೆ.

ಇದು ಬರಿಯ ಊಹೆಯಲ್ಲ. ನಮ್ಮ ಪರಿಚಯದವರೊಬ್ಬರ ಗಾಡಿಗೆ ಮೆಕ್ಯಾನಿಕ್ ಒಬ್ಬನು ಲೀಟರಿನ ಡಬ್ಬಿಯಿಂದ ಕಣ್ಣಳತೆಯಲ್ಲೇ ಎಣ್ಣೆ ಹೊಯ್ದನು. ‘ಮಟ್ಟದ ತಿರುಪು ಬಿಚ್ಚಿ ನೋಡಪ್ಪಾ’ ಎಂದುದಕ್ಕೆ, ‘ಸಾರ್, ಇಪ್ಪತ್ತು ವರ್ಷದಿಂದ ಇದೇ ಕೆಲಸ’ ಎಂಬ ಉತ್ತರ ಬಂದಿತು. ಆ ಭಾನುವಾರ ಅವರು ಹೆಂಡತಿ ಮಗುವಿನೊಡನೆ ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರದ ಕಡೆಗೆ ಹೊರಟಿದ್ದರು. ತಿರುವೊಂದರಲ್ಲಿ ಹಿಂಗಾಲಿ ಜಾರಿ ಮೂವರೂ ನೆಲಕ್ಕೆ ಬಿದ್ದರು. ನೋಡಿದರೆ ಟೈರಿನ ಒಂದು ಅಂಚೆಲ್ಲ ಎಣ್ಣೆ. ಹಿಂದೆ ವಾಹನವಿರಲಿಲ್ಲವಾಗಿ ಮೊಣಕೈ ಮೊಣಕಾಲು ತರಚಿದುದರಲ್ಲಿ ಮುಗಿಯಿತು. ಅರ್ಧ ಲೋಟದಷ್ಟು ಹೆಚ್ಚಿನ ಎಣ್ಣೆಗೆ ಒಂದು ಸಂಸಾರ ತೆರಬೇಕಾಗಿದ್ದ ಬೆಲೆಯನ್ನು ವಾಚಕರೇ ಊಹಿಸಿಕೊಳ್ಳಲಿ. ಅತಿಯಾದರೆ ಅಮೃತವೂ ವಿಷ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಕಡಿಮೆಯಾದರೂ ನಷ್ಟವೇ. ಸರಪಳಿ ಒಣಗಿ ಸವೆಯುತ್ತದೆ, ಹಿಗ್ಗುತ್ತದೆ, ಸದ್ದು ಮಾಡುತ್ತದೆ. ಮಟ್ಟದ ತಿರುಪಿನಿಂದ ಇನ್ನೊಂದು ಉಪಕಾರವೂ ಉಂಟು. ನಾವು ಏನೂ ಹಾಕದಿದ್ದರೂ ಈ ಪೆಟ್ಟಿಗೆಯ ಮಟ್ಟ ಏರಿ, ಎಂಜಿನ್ನಿನ ಎಣ್ಣೆ ಇಳಿಯುತ್ತಿದ್ದರೆ, ನಡುವಣ ಸೀಲು ಸವೆದು ಎಣ್ಣೆ ಅಲ್ಲಿಂದ ಇಲ್ಲಿಗೆ ದಾಟುತ್ತಿದೆ ಎಂದು ತಿಳಿಯಬೇಕು. ಆಗ ಎಣ್ಣೆ ಬದಲಿಸಿ ಪ್ರಯೋಜನವಿಲ್ಲ, ಸೀಲನ್ನೇ ಬದಲಿಸಬೇಕು.

ಮನೆಯಲ್ಲೇ ಮಾಡಬಯಸುವವರಿಗೆ ಕ್ರಮವನ್ನು ಹೇಳುತ್ತೇವೆ. ಗಾಡಿಯನ್ನು ಸ್ವಲ್ಪ ದೂರ ಓಡಿಸಿ ತಂದರೆ ಎಣ್ಣೆ ತೆಳುವಾಗಿ ಚೆನ್ನಾಗಿ ಇಳಿಯುತ್ತದೆ. ಎಂಜಿನ್ನನ್ನು ನಿಲ್ಲಿಸಿ, ಕೈಸುಡದಷ್ಟು ಆರಿದ ಮೇಲೆ ಎಡಗಾಲಿನ ಫುಟ್‌ರೆಸ್ಟನ್ನೂ, ಅಡ್ಡಬರುವ ಬ್ರೇಕ್ ಪೆಡಲನ್ನೂ ಬಿಚ್ಚಬೇಕು. ಕೆಳಗೆ ಅಗಲವಾದ ತಟ್ಟೆಯಿಟ್ಟು ಮುಚ್ಚಳದ ನಡುವಣ ಒಂದೇ ಒಂದು ದೊಡ್ಡ ನಟ್ಟನ್ನು ತೆಗೆದರೆ ಮುಚ್ಚಳ ಕೈಗೆ ಬರುತ್ತದೆ, ಎಣ್ಣೆ ತಟ್ಟೆಗೆ ಇಳಿಯುತ್ತದೆ. ಒಳಗೆ ಶುದ್ಧ ಬಟ್ಟೆಯಿಂದ ಒರೆಸಿ, ಸರಪಳಿಯ ಬಿಗಿಯನ್ನೂ ನೋಡಿಕೊಳ್ಳಬಹುದು. ಸುತ್ತಲಿನ ರಬ್ಬರು ಬಳೆ ಗಡುಸಾಗಿದ್ದರೆ ಹೊಸದನ್ನು ಹಾಕಬೇಕು. ಸಿಕಂದರಾಬಾದಿನ ರಾಣಿಗಂಜಿನಂಥ ಬಿಡಿಭಾಗದ ಪೇಟೆಯಲ್ಲಿ ವಿಚಾರಿಸಿದರೆ ಆಯಿತು. ನಡುವಣ ನಟ್ಟನ್ನು ಶಕ್ತಿಯಿದ್ದಷ್ಟೂ ಬಿಗಿಯುವುದು ಸಲ್ಲದು. ಮುಚ್ಚಳ ಸೊಟ್ಟಗಾದರೆ ಸೋರಿಕೆ ಹೆಚ್ಚೀತೇ ಹೊರತು ನಿಲ್ಲದು. ಅಳೆಯಲು ಮಿಲಿಲೀಟರು ಗುರುತಿರುವ ಹಳೆಯ ಪಾತ್ರೆಯೊಂದನ್ನು ಇದಕ್ಕೆಂದೇ ಮೀಸಲಿಡಿ. ಅಡುಗೆಮನೆಯಿಂದ ತಂದುದನ್ನು ತಿರುಗಿ ಅಲ್ಲಿಗೆ ಒಯ್ಯಬೇಡಿ. ಮನೆಯಾಕೆಯ ಕೋಪಕ್ಕಿಂತ ಆರೋಗ್ಯದ ಪ್ರಶ್ನೆ ದೊಡ್ಡದು.

ಯಾವ ಎಣ್ಣೆ ಎಂಬುದಕ್ಕೆ ಗಾಡಿಯ ಕೈಪಿಡಿಯೇ ಪ್ರಮಾಣ. ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ಕೆಲವು ಕಾರಿನ ಎಣ್ಣೆಗಳಲ್ಲಿ ಜಾರುವ ಗುಣವನ್ನು ಹೆಚ್ಚಿಸುವ ವಸ್ತುಗಳಿರುತ್ತವೆ. ಎಣ್ಣೆಯಲ್ಲಿ ತಿರುಗುವ ಕ್ಲಚ್ಚಿಗೆ ಅವು ಆಗದು. ಮೋಟಾರು ಸೈಕಲ್ಲಿನ ಎಣ್ಣೆಯ ಡಬ್ಬಿಯ ಮೇಲೆ ‘ಜಾಸೋ ಎಂ.ಎ.’ ಎಂಬ ಗುರುತಿದ್ದರೆ ಅದು ಇಂಥ ಕ್ಲಚ್ಚಿಗೆ ಹೊಂದುವುದೆಂದು ಅರ್ಥ. ‘ಎಂ.ಬಿ.’ ಎಂದಿದ್ದರೆ ಅದನ್ನು ಸ್ಕೂಟರಿನವರಿಗೆ ಬಿಡತಕ್ಕದ್ದು.

ಎಲ್ಲ ಗಾಡಿಗಳಿಗೂ ಇದೇ ಲೆಕ್ಕವೆಂದು ಯಾರೂ ಭಾವಿಸಬಾರದು. ೨೦೦೯ರ ಸುಮಾರಿಗೆ ಬಂದ ಹೊಸ ನಮೂನೆಯ ಬುಲೆಟ್ ಎಂಜಿನ್ನಿನಲ್ಲಿ ಎಂಜಿನ್ನು, ಕ್ಲಚ್ಚು, ಗೇರು ಮೂರಕ್ಕೂ ಒಂದೇ ಎಣ್ಣೆ. ಅಲ್ಲಿ ಬೇರೆ ಚೈನ್ ಪೆಟ್ಟಿಗೆಯ ಮಾತೇ ಇಲ್ಲ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ೧೯೬೧ರಿಂದ ೧೯೯೬ರವರೆಗೆ ತಯಾರಾದ ಜಾವಾ, ಯೆಜ್ದಿಗಳಲ್ಲಿ ಎಂಜಿನ್ನಿನ ಎಣ್ಣೆಯನ್ನು ಪೆಟ್ರೋಲಿನಲ್ಲಿ ಬೆರೆಸುತ್ತಾರೆ. ಮೊದಲ ಸರಪಳಿಗೂ ಗೇರಿಗೂ ಒಂದೇ ಎಣ್ಣೆ. ಅಮೆರಿಕದ ಹಾರ್ಲೆ-ಡೇವಿಡ್‌ಸನ್ನಿನ ದೊಡ್ಡ ಗಾಡಿಗಳಲ್ಲಿ ಬುಲೆಟ್ಟಿನಂತೆಯೇ ಪ್ರತ್ಯೇಕ ಪೆಟ್ಟಿಗೆಯುಂಟು; ಆದರೆ ಅಳತೆ ಬೇರೆ. ಹೊರದೇಶದಲ್ಲಿರುವ ನಮ್ಮ ಬಂಧುಗಳು ತಮ್ಮ ಗಾಡಿಯ ಪುಸ್ತಕವನ್ನು ನೋಡಿಯೇ ಕೈಹಾಕಬೇಕು.

ಇಳಿಸಿದ ಹಳೆಯ ಎಣ್ಣೆಯನ್ನು ಮೋರಿಗೆ ಚೆಲ್ಲುವುದು ದೊಡ್ಡ ಅಪರಾಧ. ೨೦೧೬ರ ಕೇಂದ್ರ ನಿಯಮಗಳ ಪ್ರಕಾರ ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯಗಳ ಸಾಲಿಗೆ ಸೇರಿದೆ. ಮೂಸಿ ನದಿ ಈಗಾಗಲೇ ಹೊತ್ತಿರುವ ಕೊಳೆಗೆ ನಮ್ಮ ಕಾಣಿಕೆಯೂ ಸೇರುವುದು ಬೇಡ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸಿ ಶುದ್ಧೀಕರಣಕ್ಕೆ ಕಳುಹಿಸುವ ಸರ್ವಿಸ್ ಕೇಂದ್ರಕ್ಕೆ ಒಪ್ಪಿಸಬೇಕು.

ಕೊನೆಯದಾಗಿ ಒಂದು ಸೂಚನೆ. ಎಣ್ಣೆ ಬದಲಿಸಿದ ದಿನ, ಆಗಿನ ಕಿಲೋಮೀಟರು, ಹಿಡಿಸಿದ ಅಳತೆ, ಇವಿಷ್ಟನ್ನು ಚೀಟಿಯಲ್ಲಿ ಬರೆದು ಗಾಡಿಯ ಹತ್ಯಾರದ ಪೆಟ್ಟಿಗೆಯಲ್ಲಿ ಇಡಿ. ಗಾಡಿಯನ್ನು ಮೆಕ್ಯಾನಿಕ್ಕಿಗೆ ಕೊಡುವವರೂ ಪಕ್ಕದಲ್ಲಿ ನಿಂತು ಮಟ್ಟದ ತಿರುಪನ್ನು ಬಿಚ್ಚಿಸಿಯೇ ನೋಡಿ. ಅದಕ್ಕೆ ಹಿಡಿಯುವುದು ಐದು ನಿಮಿಷ. ಮುಂದಿನ ಹಬ್ಬಕ್ಕೆ ಜಹೀರಾಬಾದಿನ ಮೇಲೆ ಬೀದರಕ್ಕೆ ಹೊರಡುವಾಗ ಹಿಂದೆ ಕುಳಿತವರ ಕ್ಷೇಮ ಆ ಐದು ನಿಮಿಷದಲ್ಲಿದೆ.