ಓಟ ಮುಗಿದ ಮೇಲೆ ಆಡಬೇಕಾದ ಮಾತು

ಬನ್ನೂರು, ತಿ. ನರಸೀಪುರ, ನಂಜನಗೂಡು ಸೀಮೆಯಲ್ಲಿ ಸೇನೆ ಸೇರುವ ಆಸೆ ಹೊತ್ತ ಹುಡುಗರಿಗೆ 1,600 ಮೀಟರ್ ಓಟ, ಪುಲ್‌ಅಪ್, ಎನ್‌ಸಿಸಿ ‘ಸಿ’ ಸರ್ಟಿಫಿಕೇಟಿಗೆ ಸಿಗುವ ಹೆಚ್ಚುವರಿ ಅಂಕ ಎಲ್ಲವೂ ಬಾಯಿಪಾಠ. ಹದಿನೇಳೂವರೆ ವರ್ಷಕ್ಕೇ ಅಗ್ನಿವೀರನಾಗಿ ಊರು ಬಿಡಬಹುದಾದ ಈ ಮಕ್ಕಳಿಗೆ ಎಚ್‌ಐವಿ ಬಗ್ಗೆ ಬಿಡಿಸಿ ಹೇಳುವವರು ಕಡಿಮೆ.

ಎನ್‌ಸಿಸಿ ಪಾಠಗಳಲ್ಲಿ ಈ ವಿಷಯ ಇದೆ. ಡಿಸೆಂಬರ್ 1ರ ಏಡ್ಸ್ ದಿನದಂದು ಕೆಂಪು ರಿಬ್ಬನ್ ಕಟ್ಟಿಕೊಂಡು ಜಾಥಾ ಹೋಗುವುದೂ ಉಂಟು. ಘೋಷಣೆ ಕೂಗಿಸಿದಷ್ಟು ಸಲೀಸಾಗಿ ನಾವು ಕಾಂಡೋಮ್ ಎಂಬ ಮಾತು ಆಡುವುದಿಲ್ಲ. ಆಡಬೇಕಾದ್ದು ಅದೇ ಮಾತು. ನಮ್ಮಲ್ಲಿ ಈ ಸೋಂಕು ಹೆಚ್ಚಾಗಿ ಹರಡುವುದು ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ. ಸೋಂಕಿತ ರಕ್ತ, ಒಬ್ಬರು ಬಳಸಿದ ಸೂಜಿ, ತಾಯಿಯಿಂದ ಮಗುವಿಗೆ ಹರಡುವುದು ಉಳಿದ ದಾರಿಗಳು. ಒಂದೇ ಬ್ಯಾರಕ್ಕಿನಲ್ಲಿ ಮಲಗಿದರೆ, ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ. ಇದು ತಿಳಿಯದೆ ಹೋದರೆ ಜೊತೆಗಾರನನ್ನೇ ದೂರ ಇಡುತ್ತಾರೆ; ನನಗೆ ಸೋಂಕಿನಷ್ಟೇ ನೋವು ಕೊಡುವ ಸಂಗತಿ ಅದು.

ಜಾತ್ರೆಯಲ್ಲಿ ಒಂದೇ ಸೂಜಿಯಿಂದ ಹತ್ತಾರು ಜನಕ್ಕೆ ಹಚ್ಚೆ ಹಾಕುವವರ ಮುಂದೆ ಕೈ ಚಾಚುವ ಹುಡುಗರಿಗೂ ಇದನ್ನು ಹೇಳಬೇಕು. ಸೇನೆಯ ಹಚ್ಚೆ ನಿಯಮ ಬಿಗಿಯಾಗಿದೆ ಎಂಬುದು ಅವರಿಗೆ ಗೊತ್ತು, ಸೂಜಿಯ ಅಪಾಯ ಗೊತ್ತಿರುವುದಿಲ್ಲ.

ಇನ್ನೊಂದು ತಪ್ಪು ನಂಬಿಕೆ, ಮರುದಿನವೇ ಪರೀಕ್ಷೆ ಮಾಡಿಸಿ ‘ನೆಗೆಟಿವ್’ ಬಂದರೆ ಗೆದ್ದೆವು ಎಂಬುದು. ಸೋಂಕು ತಗುಲಿದ ಮೇಲೂ ಕೆಲವು ವಾರ, ಒಮ್ಮೊಮ್ಮೆ ಮೂರು ತಿಂಗಳವರೆಗೆ ಅದು ಪರೀಕ್ಷೆಯಲ್ಲಿ ಕಾಣದಿರಬಹುದು. ಅನುಮಾನ ಬಂದ ಕೂಡಲೇ, ಸಂಪರ್ಕವಾದ 72 ಗಂಟೆಯೊಳಗೆ, ವೈದ್ಯರನ್ನು ಕಂಡರೆ ಸೋಂಕು ತಡೆಯುವ 28 ದಿನಗಳ ಔಷಧಿ ಇದೆ. ನಾಚಿಕೊಂಡು ಕೂತರೆ ಆ ಹೊತ್ತು ಮೀರಿಹೋಗುತ್ತದೆ. ಆಪ್ತಸಮಾಲೋಚನೆ, ಪರೀಕ್ಷೆ ಎರಡೂ ಸಿಗುವ ಸರ್ಕಾರಿ ಐಸಿಟಿಸಿ ಕೇಂದ್ರಗಳಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ಗುಟ್ಟಾಗಿರುತ್ತದೆ. 2004ರಿಂದ ವೈರಸ್ ಹತ್ತಿಕ್ಕುವ ಎಆರ್‌ಟಿ ಚಿಕಿತ್ಸೆಯನ್ನೂ ಸರ್ಕಾರ ಉಚಿತವಾಗಿ ಕೊಡುತ್ತಿದೆ, ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಅದು ಸಿಗುತ್ತದೆ. ತಪ್ಪದೆ ಮಾತ್ರೆ ನುಂಗಿ, ರಕ್ತದಲ್ಲಿ ವೈರಸ್ ಕಾಣದ ಮಟ್ಟಕ್ಕೆ ಇಳಿದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ. 2018ರಲ್ಲಿ ಜಾರಿಗೆ ಬಂದ ಕಾಯ್ದೆಯ ಪ್ರಕಾರ ಸೋಂಕಿತರಿಗೆ ಕೆಲಸದಲ್ಲಾಗಲಿ ಬಾಡಿಗೆ ಮನೆಯಲ್ಲಾಗಲಿ ಭೇದ ಮಾಡುವಂತಿಲ್ಲ.

ಇದನ್ನೆಲ್ಲ ಯಾರು ಹೇಳಬೇಕು? ಉತ್ತರ ಮೈಸೂರಿನಲ್ಲೇ ಇದೆ. ಲೈಂಗಿಕ ವೃತ್ತಿಯವರು ಸೇರಿ ಕಟ್ಟಿದ ಆಶೋದಯ ಸಮಿತಿಯಲ್ಲಿ ಅವರು ತಮ್ಮ ಜೊತೆಯವರಿಗೆ ತಾವೇ ತಿಳಿಹೇಳಿ, ತಾವೇ ಪರೀಕ್ಷೆಗೆ ಕರೆದೊಯ್ದರು. ತನ್ನಂಥವರ ಬಾಯಿಂದ ಬಂದ ಮಾತು ಮನಸ್ಸಿಗೆ ಇಳಿಯುತ್ತದೆ. ಹುಡುಗರಿಗೂ ಹಾಗೆಯೇ: ನಿವೃತ್ತ ಯೋಧರು, ರಜೆಯ ಮೇಲೆ ಊರಿಗೆ ಬಂದ ಜವಾನರು, ಎನ್‌ಸಿಸಿ ಹಿರಿಯರು ಓಟ ಮುಗಿದ ಮೇಲೆ ಅರ್ಧ ಗಂಟೆ ಕೂತು ಮಾತಾಡಲಿ. ಕೇಳಲು ಮುಜುಗರಪಡುವ ಹುಡುಗನಿಗೆ 1097 ಸಹಾಯವಾಣಿಯ ಸಂಖ್ಯೆ ಕೊಡಲಿ. ಆ ಕರೆಗೆ ದುಡ್ಡಿಲ್ಲ.