ಗ್ರಂಥಾಲಯ ಪ್ರಾಧಿಕಾರ: ಮದರಾಸಿನ ಶಾಸನ ಮತ್ತು ಓದುಗರ ಪ್ರಾತಿನಿಧ್ಯ

ಸಾರ್ವಜನಿಕ ಗ್ರಂಥಾಲಯವೊಂದರ ಹಿರಿಮೆಯನ್ನು ಅಳೆಯುವಾಗ ಅದರ ಕಟ್ಟಡದ ಭವ್ಯತೆ, ಗ್ರಂಥಗಳ ಸಂಖ್ಯೆ, ಅಪೂರ್ವ ಪ್ರತಿಗಳ ಸಂಗ್ರಹ ಇವೇ ಮುಖ್ಯವಾಗಿ ಪರಿಗಣನೆಗೆ ಬರುತ್ತವೆ. ಆ ಗ್ರಂಥಾಲಯವನ್ನು ಯಾರು ಆಳುತ್ತಾರೆ, ಅದರ ಹಣ ಎಲ್ಲಿಂದ ಬರುತ್ತದೆ, ಯಾವ ಪುಸ್ತಕ ಕೊಳ್ಳಬೇಕೆಂಬುದನ್ನು ಯಾವ ಮೇಜಿನ ಸುತ್ತ ಕುಳಿತವರು ನಿರ್ಧರಿಸುತ್ತಾರೆ ಎಂಬ ಪ್ರಶ್ನೆಗಳು ಆಡಳಿತದ ಕಡತಗಳಿಗೆ ಸೇರಿದ ಶುಷ್ಕ ಸಂಗತಿಗಳೆಂದು ಪಕ್ಕಕ್ಕೆ ಸರಿಯುತ್ತವೆ. ಆದರೆ ಓದುಗನ ಹಕ್ಕು ನಿಂತಿರುವುದು ಈ ಶುಷ್ಕ ಸಂಗತಿಗಳ ಮೇಲೆಯೇ. ಗ್ರಂಥಾಲಯವು ಧರ್ಮಕ್ಕೆ ಕೊಟ್ಟ ವಸ್ತುವಾಗಿದ್ದರೆ ಓದುಗನು ಕೃತಜ್ಞನಾಗಿರಬೇಕಾಗುತ್ತದೆ. ತೆರಿಗೆಯ ಹಣದಿಂದ ನಡೆಯುವ ಸಂಸ್ಥೆಯಾಗಿದ್ದರೆ ಅವನು ಲೆಕ್ಕ ಕೇಳಬಹುದು. ಭಾರತದಲ್ಲಿ ಈ ಎರಡನೆಯ ನೆಲೆಯನ್ನು ಶಾಸನದ ರೂಪದಲ್ಲಿ ಸ್ಥಾಪಿಸಿದ ಪ್ರಮುಖ ಪ್ರಯೋಗ ಮದರಾಸಿನಲ್ಲಿ ನಡೆಯಿತು. ಕನ್ನಡ ನಾಡಿನ ಕೆಲವು ಜಿಲ್ಲೆಗಳಿಗೂ ಅದೇ ಮೊದಲ ಗ್ರಂಥಾಲಯ ಶಾಸನವಾಗಿತ್ತು ಎಂಬುದರಿಂದ ಕನ್ನಡಿಗರಿಗೂ ಈ ವಿಷಯ ಹೊರಗಿನದಲ್ಲ.

ಮದರಾಸಿನ ಎಗ್ಮೋರಿನಲ್ಲಿರುವ ಕನ್ನೆಮರಾ ಸಾರ್ವಜನಿಕ ಗ್ರಂಥಾಲಯವು ಮೊದಲನೆಯ ನೆಲೆಗೆ ಉತ್ತಮ ನಿದರ್ಶನ. 1886ರಿಂದ 1890ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ಕನ್ನೆಮರಾ 1890ರಲ್ಲಿ ಇದಕ್ಕೆ ಅಡಿಗಲ್ಲನ್ನಿಟ್ಟನು. ಹೆನ್ರಿ ಇರ್ವಿನ್ ರೂಪಿಸಿದ ಈ ಕಟ್ಟಡವು 1896ರ ಡಿಸೆಂಬರ್ 5ರಂದು ಸಾರ್ವಜನಿಕರಿಗೆ ತೆರೆಯಿತು. ವಸ್ತುಸಂಗ್ರಹಾಲಯದ ಆವರಣದಲ್ಲಿ ಅದಕ್ಕೆ ಹೊಂದಿಕೊಂಡೇ ಬೆಳೆದ ಈ ಗ್ರಂಥಾಲಯವನ್ನು ಸರ್ಕಾರವೇ ಕಟ್ಟಿತು, ಸರ್ಕಾರವೇ ನಡೆಸಿತು. ಅದರ ಹೆಸರಿನಲ್ಲಿ 'ಸಾರ್ವಜನಿಕ' ಎಂಬ ಪದವಿದ್ದರೂ ಸಾರ್ವಜನಿಕರಿಗೆ ಅದರ ಆಡಳಿತದಲ್ಲಿ ಸ್ಥಾನವಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸುವ ವಿಚಾರವನ್ನು ವ್ಯವಸ್ಥಿತವಾಗಿ ಮುಂದಿಟ್ಟವರು ಎಸ್. ಆರ್. ರಂಗನಾಥನ್. ಗಣಿತದ ಅಧ್ಯಾಪಕರಾಗಿದ್ದ ಅವರು 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲಕರಾಗಿ ನೇಮಕಗೊಂಡು, ಅದೇ ವರ್ಷ ಇಂಗ್ಲೆಂಡಿಗೆ ತೆರಳಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಭ್ಯಾಸ ಮಾಡಿದರು. ಅಲ್ಲಿನ ಅನೇಕ ಪಟ್ಟಣಗಳ ಗ್ರಂಥಾಲಯಗಳನ್ನು ಸಂದರ್ಶಿಸಿದರು. ಇಂಗ್ಲೆಂಡಿನಲ್ಲಿ 1850ರ ಶಾಸನದ ಮೂಲಕ ಪಟ್ಟಣಸಭೆಗಳಿಗೆ ಗ್ರಂಥಾಲಯಕ್ಕಾಗಿ ಆಸ್ತಿಯ ತೆರಿಗೆಯೋಗ್ಯ ಮೌಲ್ಯದ ಪೌಂಡಿಗೆ ಅರ್ಧ ಪೆನ್ನಿಯಂತೆ ಕರ ವಿಧಿಸುವ ಅಧಿಕಾರ ಸಿಕ್ಕಿತ್ತು. 1855ರಲ್ಲಿ ಅದು ಒಂದು ಪೆನ್ನಿಗೆ ಏರಿತ್ತು. ಕರವನ್ನು ವಿಧಿಸುವ ಪಟ್ಟಣಸಭೆಯೇ ಸಮಿತಿಯೊಂದರ ಮೂಲಕ ಗ್ರಂಥಾಲಯವನ್ನೂ ನೋಡಿಕೊಳ್ಳುತ್ತಿತ್ತು. ಕರ ಕೊಡುವವನು, ಆಳುವವನು, ಓದುವವನು ಈ ಮೂವರೂ ಒಂದೇ ಊರಿನವರಾಗಿದ್ದರು. ಈ ಮೂರರ ಸಂಬಂಧವೇ ಸಾರ್ವಜನಿಕ ಗ್ರಂಥಾಲಯದ ಅಸ್ತಿಭಾರವೆಂಬುದು ರಂಗನಾಥನ್ನರಿಗೆ ಮನವರಿಕೆಯಾಯಿತು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪನೆಗೊಂಡಿತು. 1930ರಲ್ಲಿ ಕಾಶಿಯಲ್ಲಿ ನಡೆದ ಅಖಿಲ ಏಷ್ಯಾ ಶಿಕ್ಷಣ ಸಮ್ಮೇಳನದಲ್ಲಿ ಅವರು ಮಾದರಿ ಗ್ರಂಥಾಲಯ ಶಾಸನವೊಂದನ್ನು ಮಂಡಿಸಿದರು.

ಆ ಕರಡು ಶಾಸನವಾಗಲು ಸುಮಾರು ಎರಡು ದಶಕಗಳೇ ಬೇಕಾದವು. ಟಿ. ಎಸ್. ಅವಿನಾಶಿಲಿಂಗಂ ಚೆಟ್ಟಿಯಾರ್ ಅವರು ಶಿಕ್ಷಣ ಮಂತ್ರಿಗಳಾಗಿದ್ದಾಗ ಮದರಾಸು ಸಾರ್ವಜನಿಕ ಗ್ರಂಥಾಲಯಗಳ ಶಾಸನ, 1948 ಅಂಗೀಕಾರಗೊಂಡು 1950ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಕೊಲ್ಹಾಪುರ ಸಂಸ್ಥಾನವು 1945ರಲ್ಲಿಯೇ ಇಂತಹ ಶಾಸನವೊಂದನ್ನು ಮಾಡಿತ್ತಾದರೂ ಸ್ವತಂತ್ರ ಭಾರತದ ಮೊದಲ ಗ್ರಂಥಾಲಯ ಶಾಸನವೆಂಬ ಮನ್ನಣೆ ಮದರಾಸಿನದು.

ಈ ಶಾಸನವು ರಚಿಸಿದ ವ್ಯವಸ್ಥೆಯಲ್ಲಿ ಎರಡು ಮಂಡಲಿಗಳಿವೆ. ಅವುಗಳ ಅಧಿಕಾರ ಒಂದೇ ತೆರನಾದುದಲ್ಲ. ಮೊದಲನೆಯದು ರಾಜ್ಯಮಟ್ಟದ ಗ್ರಂಥಾಲಯ ಸಮಿತಿ. ಗ್ರಂಥಾಲಯ ಖಾತೆಯ ಮಂತ್ರಿ, ಸ್ಥಳೀಯಾಡಳಿತದ ಮಂತ್ರಿ, ಶಿಕ್ಷಣ ಇಲಾಖೆಯ ಕಾರ್ಯದರ್ಶಿ, ಗ್ರಂಥಾಲಯ ನಿರ್ದೇಶಕರು, ರಾಜ್ಯ ಕೇಂದ್ರ ಗ್ರಂಥಾಲಯದ ಗ್ರಂಥಪಾಲಕರು ಇವರು ಪದನಿಮಿತ್ತವಾಗಿ ಇದರಲ್ಲಿ ಇರುತ್ತಾರೆ. ಶಾಸನಸಭೆ, ವಿಶ್ವವಿದ್ಯಾಲಯಗಳು, ಮದರಾಸು ಗ್ರಂಥಾಲಯ ಸಂಘ ಇವುಗಳ ಪ್ರತಿನಿಧಿಗಳೂ ಸರ್ಕಾರದ ನಾಮಕರಣಕ್ಕೆ ಸೇರಿದವರೂ ಅವರೊಡನೆ ಕೂಡುತ್ತಾರೆ. ಮಂತ್ರಿಯಿಂದ ವಿದ್ವಾಂಸನವರೆಗೆ ಎಲ್ಲರೂ ಇರುವ ಈ ಸಮಿತಿ ನೋಡಲು ಪ್ರಬಲವಾಗಿ ಕಂಡರೂ ಅದರ ಕಾರ್ಯ ಸರ್ಕಾರಕ್ಕೆ ಸಲಹೆ ನೀಡುವುದಷ್ಟೇ.

ಎರಡನೆಯದು ಸ್ಥಳೀಯ ಗ್ರಂಥಾಲಯ ಪ್ರಾಧಿಕಾರ. ಮದರಾಸು ನಗರಕ್ಕೆ ಒಂದು, ಪ್ರತಿಯೊಂದು ಜಿಲ್ಲೆಗೆ ಒಂದು ಎಂಬಂತೆ ಇವು ರಚನೆಗೊಂಡವು. ಶಾಸನದ ನಿಜವಾದ ಜೀವಾಳ ಇರುವುದು ಇಲ್ಲಿ. ಪ್ರಾಧಿಕಾರವು ಶಾಶ್ವತ ಉತ್ತರಾಧಿಕಾರವನ್ನೂ ತನ್ನದೇ ಮುದ್ರೆಯನ್ನೂ ಉಳ್ಳ ನಿಗಮಿತ ಸಂಸ್ಥೆ. ಎಂದರೆ ಸದಸ್ಯರು ಬದಲಾದರೂ ಸಂಸ್ಥೆ ಅಳಿಯುವುದಿಲ್ಲ. ಅದು ತನ್ನ ಹೆಸರಿನಲ್ಲಿ ಆಸ್ತಿಯನ್ನು ಹೊಂದಬಹುದು, ಕರಾರು ಮಾಡಿಕೊಳ್ಳಬಹುದು, ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ತನ್ನ ವ್ಯಾಪ್ತಿಯಲ್ಲಿ ಎಲ್ಲಿ ಗ್ರಂಥಾಲಯ ಬೇಕು, ಎಲ್ಲಿ ಶಾಖೆ ಬೇಕು ಎಂಬ ಯೋಜನೆಯನ್ನು ಅದು ಸಿದ್ಧಪಡಿಸಿ ನಿರ್ದೇಶಕರ ಮಂಜೂರಾತಿ ಪಡೆಯಬೇಕು. ಕಟ್ಟಡ, ಪೀಠೋಪಕರಣ, ಗ್ರಂಥ, ಪತ್ರಿಕೆಗಳನ್ನು ಒದಗಿಸಬೇಕು. ಗ್ರಂಥಾಲಯವೊಂದನ್ನು ಮುಚ್ಚಬೇಕಾದರೆ ಅಥವಾ ಸ್ಥಳಾಂತರಿಸಬೇಕಾದರೆ ನಿರ್ದೇಶಕರ ಪೂರ್ವಾನುಮತಿ ಅಗತ್ಯ. ಸದಸ್ಯರಲ್ಲಿ ನಗರದ ಕಾರ್ಪೊರೇಷನ್ ಮಂಡಳಿಯಿಂದ ಅಥವಾ ಜಿಲ್ಲೆಯ ಸ್ಥಳೀಯ ಸಂಸ್ಥೆಗಳಿಂದ ಚುನಾಯಿತರಾಗಿ ಬಂದವರು ಒಂದು ವರ್ಗ, ಸರ್ಕಾರದಿಂದ ನಾಮಕರಣಗೊಂಡವರು ಇನ್ನೊಂದು ವರ್ಗ. ಚುನಾಯಿತರು ಕರ ಕೊಡುವ ಜನರ ಪರವಾಗಿಯೂ ನಾಮಕರಣಗೊಂಡವರು ವಿದ್ಯೆಯ ಪರವಾಗಿಯೂ ಮಾತನಾಡಬೇಕೆಂಬುದು ಈ ಏರ್ಪಾಡಿನ ಆಶಯ.

ಪ್ರಾಧಿಕಾರಕ್ಕೆ ಬಲ ಬರುವುದು ಅದರ ಗ್ರಂಥಾಲಯ ನಿಧಿಯಿಂದ. ಮೂಲ ಶಾಸನದ ಪ್ರಕಾರ ಆಸ್ತಿ ತೆರಿಗೆ ಅಥವಾ ಮನೆ ತೆರಿಗೆಯ ಪ್ರತಿ ರೂಪಾಯಿಗೆ 6 ಪೈಗಳಂತೆ ಗ್ರಂಥಾಲಯ ಕರ ಸೇರುತ್ತಿತ್ತು. ಅಂದಿನ ರೂಪಾಯಿಗೆ 192 ಪೈಗಳು. ಆದುದರಿಂದ ನೂರು ರೂಪಾಯಿ ತೆರಿಗೆ ಕೊಡುವ ಮನೆಯವನು ಗ್ರಂಥಾಲಯಕ್ಕಾಗಿ 3 ರೂಪಾಯಿ 2 ಆಣೆ ಕೊಡುತ್ತಿದ್ದನು. ಮುಂದೆ ಈ ದರ ಹಂತಹಂತವಾಗಿ ಏರಿ ರೂಪಾಯಿಗೆ 10 ಪೈಸೆಯಾಯಿತು. ಜಿಲ್ಲೆಗಳ ಪ್ರಾಧಿಕಾರಗಳಿಗೆ ಸರ್ಕಾರವು ಅವು ಸಂಗ್ರಹಿಸಿದ ಕರಕ್ಕೆ ಕಡಿಮೆಯಿಲ್ಲದಷ್ಟು ಮೊತ್ತವನ್ನು ಪ್ರತಿ ವರ್ಷ ಕೊಡಬೇಕೆಂದು ಶಾಸನ ವಿಧಿಸಿತು. ಮದರಾಸು ನಗರವನ್ನು ಮಾತ್ರ ಈ ಅನುದಾನದಿಂದ ಹೊರಗಿಟ್ಟಿತು. ಶಾಸನ ಜಾರಿಗೆ ಬಂದಂದೇ ಕನ್ನೆಮರಾ ಗ್ರಂಥಾಲಯವು ರಾಜ್ಯ ಕೇಂದ್ರ ಗ್ರಂಥಾಲಯವಾಗಿ ಸರ್ಕಾರದ ವೆಚ್ಚದಲ್ಲಿಯೇ ನಗರದಲ್ಲಿ ನಡೆಯುತ್ತಿದ್ದುದನ್ನು ಇಲ್ಲಿ ನೆನೆಯಬೇಕು.

ಕರದ ಈ ಏರ್ಪಾಡಿನಲ್ಲಿ ಒಂದು ತೊಡಕೂ ಇದೆ. ಕರವನ್ನು ವಸೂಲು ಮಾಡುವುದು ಕಾರ್ಪೊರೇಷನ್ ಅಥವಾ ಇತರ ಸ್ಥಳೀಯ ಸಂಸ್ಥೆ. ಖರ್ಚು ಮಾಡುವುದು ಪ್ರಾಧಿಕಾರ. ಆಸ್ತಿ ತೆರಿಗೆಯೊಡನೆ ಒಂದೇ ರಸೀತಿಯಲ್ಲಿ ಬಂದ ಹಣವನ್ನು ಬೇರ್ಪಡಿಸಿ ಕಳುಹಿಸುವುದು ತಡವಾದರೆ ಗ್ರಂಥಾಲಯದ ಪುಸ್ತಕ ಖರೀದಿ ಅಷ್ಟರಮಟ್ಟಿಗೆ ನಿಲ್ಲುತ್ತದೆ. ಹೀಗೆ ಬಾಕಿ ಉಳಿಯುವ ಪ್ರಸಂಗಗಳು ಗ್ರಂಥಾಲಯ ಶಾಸನವಿರುವ ರಾಜ್ಯಗಳಲ್ಲೆಲ್ಲ ಪದೇ ಪದೇ ಚರ್ಚೆಗೆ ಬಂದಿವೆ. ಸಕಾಲದಲ್ಲಿ ಬಾಕಿಯನ್ನು ಒತ್ತಾಯಿಸಿ ಕೇಳುವ ಅಧ್ಯಕ್ಷರೂ ಸದಸ್ಯರೂ ಇದ್ದಾಗ ಮಾತ್ರ ಶಾಸನದ ಅಂಕಿ ನಿಧಿಯ ಅಂಕಿಯಾಗುತ್ತದೆ.

ಶಾಸನ ಜಾರಿಯಾದಾಗ ದಕ್ಷಿಣ ಕನ್ನಡ ಮತ್ತು ಬಳ್ಳಾರಿ ಜಿಲ್ಲೆಗಳೂ ಕೊಳ್ಳೇಗಾಲ ತಾಲ್ಲೂಕೂ ಮದರಾಸು ರಾಜ್ಯದಲ್ಲಿದ್ದವು. ಹೀಗಾಗಿ ಮೈಸೂರಿಗಿಂತ ಮೊದಲೇ ಈ ಭಾಗದ ಕನ್ನಡಿಗರಿಗೆ ಗ್ರಂಥಾಲಯ ಕರವೂ ಪ್ರಾಧಿಕಾರವೂ ಪರಿಚಿತವಾದವು. ಬಳ್ಳಾರಿಯ ಬಹುಭಾಗವು 1953ರ ಅಕ್ಟೋಬರ್ 1ರಂದು, ದಕ್ಷಿಣ ಕನ್ನಡ ಹಾಗೂ ಕೊಳ್ಳೇಗಾಲಗಳು 1956ರ ನವೆಂಬರ್ 1ರಂದು ಮೈಸೂರು ರಾಜ್ಯವನ್ನು ಸೇರಿದಾಗ ಈ ಅನುಭವವೂ ಅವುಗಳೊಡನೆ ಬಂದಿತು. ಹೈದರಾಬಾದಿನಿಂದ ಬಂದ ಜಿಲ್ಲೆಗಳಿಗೆ 1955ರ ಹೈದರಾಬಾದ್ ಶಾಸನವಿತ್ತು. ಇವೆಲ್ಲವನ್ನೂ ಏಕರೂಪಕ್ಕೆ ತಂದದ್ದು 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯಗಳ ಶಾಸನ. ಅದು ಜಾರಿಗೆ ಬಂದುದು 1966ರ ನವೆಂಬರ್ 1ರಂದು. ಅದರ ಹಿಂದೆಯೂ ರಂಗನಾಥನ್ನರ ಚಿಂತನೆ ಇತ್ತು. ಆ ವೇಳೆಗೆ ಅವರು ಬೆಂಗಳೂರಿನಲ್ಲಿ ನೆಲೆಸಿದ್ದರು. 1962ರಲ್ಲಿ ಅಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ್ದರು. 1972ರಲ್ಲಿ ಅಲ್ಲಿಯೇ ನಿಧನರಾದರು.

ಎರಡು ಶಾಸನಗಳನ್ನು ಹೋಲಿಸಿದರೆ ಹದಿನೈದು ವರ್ಷಗಳ ಅನುಭವ ಕಲಿಸಿದ ಪಾಠಗಳು ಸ್ಪಷ್ಟವಾಗುತ್ತವೆ. ಮದರಾಸಿನಲ್ಲಿ ಗ್ರಂಥಾಲಯಗಳ ಹೊಣೆ ಬಹುಕಾಲ ಶಿಕ್ಷಣ ಇಲಾಖೆಯ ಮುಖ್ಯಸ್ಥರಿಗೆ ಸೇರಿದ ಹೆಚ್ಚುವರಿ ಕೆಲಸವಾಗಿತ್ತು. ಪ್ರತ್ಯೇಕ ನಿರ್ದೇಶನಾಲಯ ಬಂದದ್ದು 1972ರಲ್ಲಿ. ಕನ್ನೆಮರಾದ ಗ್ರಂಥಪಾಲಕರಾಗಿದ್ದ ವೇ. ತಿಲ್ಲೈನಾಯಗಂ ಅದರ ಮೊದಲ ನಿರ್ದೇಶಕರಾದರು. ಮೈಸೂರಿನ ಶಾಸನವಾದರೋ ಪ್ರತ್ಯೇಕ ಇಲಾಖೆಯನ್ನೂ ರಾಜ್ಯ ಗ್ರಂಥಪಾಲಕ ಎಂಬ ವೃತ್ತಿನಿರತ ಮುಖ್ಯಸ್ಥನನ್ನೂ ಮೊದಲಿನಿಂದಲೇ ಕಲ್ಪಿಸಿತು. ಕರದ ಆಧಾರವನ್ನು ಕಟ್ಟಡ-ನಿವೇಶನಗಳ ತೆರಿಗೆಗೆ ಸೀಮಿತಗೊಳಿಸದೆ ವಾಹನ, ವೃತ್ತಿ ಮುಂತಾದ ತೆರಿಗೆಗಳಿಗೂ ವಿಸ್ತರಿಸಿತು. ಶಿಕ್ಷಣ ಮಂತ್ರಿಗಳ ಅಧ್ಯಕ್ಷತೆಯ ರಾಜ್ಯ ಗ್ರಂಥಾಲಯ ಪ್ರಾಧಿಕಾರದ ಕೆಳಗೆ ನಗರ ಮತ್ತು ಜಿಲ್ಲಾ ಪ್ರಾಧಿಕಾರಗಳನ್ನಿಟ್ಟು, ನಗರ ಪ್ರಾಧಿಕಾರದ ಅಧ್ಯಕ್ಷ ಪದವಿಯನ್ನು ಮೇಯರರಿಗೆ ಕೊಟ್ಟಿತು.

ಮೇಯರರೇ ಅಧ್ಯಕ್ಷರಾದರೆ ಕರ ವಸೂಲು ಮಾಡುವ ಸಂಸ್ಥೆಗೂ ಗ್ರಂಥಾಲಯಕ್ಕೂ ನಡುವೆ ಸೇತುವೆ ಏರ್ಪಡುತ್ತದೆ ಎಂಬುದು ನಿಜ. ಆದರೆ ಮೇಯರರೇ ಇಲ್ಲದಿದ್ದರೆ? ಮದರಾಸು ಕಾರ್ಪೊರೇಷನ್ನಿನ ಚುನಾಯಿತ ಮಂಡಳಿ 1973ರಲ್ಲಿ ವಿಸರ್ಜನೆಗೊಂಡ ಬಳಿಕ 1996ರವರೆಗೆ ಚುನಾವಣೆಯೇ ನಡೆಯಲಿಲ್ಲ. 2016ರಿಂದ 2022ರವರೆಗೆ ಮತ್ತೆ ಅದೇ ಸ್ಥಿತಿ ಒದಗಿತು. ಬೆಂಗಳೂರಿನಲ್ಲಿಯೂ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಮಂಡಳಿಯ ಅವಧಿ ಮುಗಿದ ಮೇಲೆ ವರ್ಷಗಳ ಕಾಲ ಚುನಾವಣೆ ನಡೆಯಲಿಲ್ಲ. ಕಾರ್ಪೊರೇಷನ್ ಮಂಡಳಿ ಇಲ್ಲದಿರುವಾಗ ಅದರಿಂದ ಚುನಾಯಿತರಾಗಿ ಬರಬೇಕಾದ ಗ್ರಂಥಾಲಯ ಸದಸ್ಯರೂ ಇರುವುದಿಲ್ಲ. ಕರದ ವಸೂಲಿ ನಿಲ್ಲುವುದಿಲ್ಲ; ಪ್ರಾತಿನಿಧ್ಯ ಮಾತ್ರ ನಿಲ್ಲುತ್ತದೆ. ಅಧಿಕಾರಿಗಳು ಕರ್ತವ್ಯನಿಷ್ಠರಾಗಿ ಗ್ರಂಥಾಲಯವನ್ನು ನಡೆಸಬಹುದು, ಚೆನ್ನಾಗಿಯೇ ನಡೆಸಬಹುದು. ಆದರೆ ಓದುಗನು ಅಹವಾಲನ್ನು ಹೇಳಿಕೊಳ್ಳಬಹುದಾದ, ಮುಂದಿನ ಚುನಾವಣೆಯಲ್ಲಿ ಉತ್ತರ ಕೊಡಬೇಕಾದ ವ್ಯಕ್ತಿ ಅಲ್ಲಿ ಇರುವುದಿಲ್ಲ.

ಇದಕ್ಕೆ ಬೇರೆ ದಾರಿಗಳನ್ನು ಹಿಡಿದ ಪ್ರಯತ್ನಗಳೂ ಉಂಟು. ಪಾಟ್ನಾದ ಖುದಾ ಬಕ್ಷ್ ಗ್ರಂಥಾಲಯಕ್ಕೆ 1969ರ ಸಂಸತ್ತಿನ ಶಾಸನವು ರಾಜ್ಯಪಾಲರ ಅಧ್ಯಕ್ಷತೆಯ ಪ್ರತ್ಯೇಕ ಮಂಡಳಿಯನ್ನು ಕೊಟ್ಟಿತು. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯವು 1986ರಲ್ಲಿ ನೋಂದಾಯಿತ ಸಂಘವಾಯಿತು. ಕೇರಳವು 1989ರ ಶಾಸನದ ಮೂಲಕ ಇನ್ನೂ ಭಿನ್ನವಾದ ಮಾರ್ಗವನ್ನು ಆರಿಸಿತು: ಅಲ್ಲಿ ಸದಸ್ಯ ಗ್ರಂಥಾಲಯಗಳ ಪ್ರತಿನಿಧಿಗಳೇ ತಾಲ್ಲೂಕು, ಜಿಲ್ಲೆ, ರಾಜ್ಯ ಎಂಬ ಮೂರು ಹಂತಗಳ ಪರಿಷತ್ತುಗಳನ್ನು ಚುನಾವಣೆಯ ಮೂಲಕ ರಚಿಸುತ್ತಾರೆ. 1956ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರಿಗೆ ಇದರಿಂದ ಒಂದು ಅನುಕೂಲವಿದೆ. ತಮ್ಮ ಊರಿನ ವಾಚನಾಲಯವನ್ನು ಪರಿಷತ್ತಿಗೆ ಸೇರಿಸಿದ ಕನ್ನಡ ಓದುಗರು ಅದರ ಮೂಲಕ ಮೇಲಿನ ಹಂತದಲ್ಲಿ ಮತವನ್ನೂ ಪಡೆಯುತ್ತಾರೆ.

ಚೆನ್ನೈನ ಕನ್ನಡ ಓದುಗನ ಸ್ಥಿತಿ ಇದಕ್ಕಿಂತ ಬೇರೆ. 1954ರ ಗ್ರಂಥ ಸಲ್ಲಿಕೆ ಶಾಸನದಂತೆ ದೇಶದ ಪ್ರಕಾಶಕರೆಲ್ಲರೂ ತಮ್ಮ ಪ್ರಕಟಣೆಗಳ ಪ್ರತಿಗಳನ್ನು ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇನ್ನು ಮೂರು ಗ್ರಂಥಾಲಯಗಳಿಗೂ ಕಳುಹಿಸಬೇಕು. ಆ ಮೂರರಲ್ಲಿ ಕನ್ನೆಮರಾ ಒಂದು. ಧಾರವಾಡದಲ್ಲಿಯೋ ಮೈಸೂರಿನಲ್ಲಿಯೋ ಅಚ್ಚಾದ ಕನ್ನಡ ಗ್ರಂಥದ ಒಂದು ಪ್ರತಿ ಪ್ರಕಾಶಕರ ವೆಚ್ಚದಲ್ಲಿ, ಪ್ರಕಟವಾದ 30 ದಿನಗಳೊಳಗೆ ಎಗ್ಮೋರನ್ನು ತಲುಪಬೇಕೆಂಬುದು ಕಾನೂನು. ತಪ್ಪಿದರೆ 50 ರೂಪಾಯಿಗಳವರೆಗೆ ದಂಡವನ್ನೂ ಗ್ರಂಥದ ಬೆಲೆಯನ್ನೂ ತೆರಬೇಕಾಗುತ್ತದೆ. ಇಷ್ಟು ಅಲ್ಪ ದಂಡದ ಕಾನೂನನ್ನು ಪಾಲಿಸುವುದು ಬಹುಮಟ್ಟಿಗೆ ಪ್ರಕಾಶಕರ ಮನಸ್ಸಿಗೆ ಬಿಟ್ಟದ್ದು. ಬಂದ ಗ್ರಂಥವನ್ನು ಸೂಚಿಗೆ ಸೇರಿಸಿ ಓದುಗನಿಗೆ ಸಿಗುವಂತೆ ಮಾಡಲು ಕನ್ನಡ ಬಲ್ಲ ಸಿಬ್ಬಂದಿ ಬೇಕು. ಅಂತಹ ಸಿಬ್ಬಂದಿ ಬೇಕೆಂದು ಹೇಳುವ ಧ್ವನಿ ಸಮಿತಿಯಲ್ಲಿ ಬೇಕು. ಸದಸ್ಯತ್ವದ ವರ್ಗಗಳನ್ನು ಹೇಳುವಾಗ ಮದರಾಸಿನ ಶಾಸನವು ಸಂಸ್ಥೆಗಳನ್ನು ಎಣಿಸುತ್ತದೆ, ಭಾಷೆಗಳನ್ನು ಎಣಿಸುವುದಿಲ್ಲ. ತಮಿಳು, ತೆಲುಗು, ಕನ್ನಡ, ಮಲಯಾಳ ನಾಲ್ಕೂ ಒಂದೇ ರಾಜ್ಯದಲ್ಲಿದ್ದ ಕಾಲಕ್ಕೆ ಜಿಲ್ಲೆಯ ಪ್ರತಿನಿಧಿಯೇ ಭಾಷೆಯ ಪ್ರತಿನಿಧಿಯೂ ಆಗುತ್ತಿದ್ದುದರಿಂದ ಬೇರೆ ಏರ್ಪಾಡು ಬೇಕಾಗಿರಲಿಲ್ಲ. 1956ರ ನಂತರ ಜಿಲ್ಲೆಗಳು ಬೇರೆಯಾದವು. ನಗರದಲ್ಲಿ ಉಳಿದ ಓದುಗರಿಗೆ ವಿಶ್ವವಿದ್ಯಾಲಯದ ಪ್ರತಿನಿಧಿ ಅಥವಾ ನಾಮಕರಣಗೊಂಡ ಸದಸ್ಯರೇ ಉಳಿದಿರುವ ಬಾಗಿಲು.

ಗ್ರಂಥಾಲಯದ ಭವಿಷ್ಯವನ್ನು ಯಾರು ನಿರ್ಣಯಿಸಬೇಕೆಂಬ ಪ್ರಶ್ನೆ ಚೆನ್ನೈನಲ್ಲಿ ಬಹಿರಂಗವಾಗಿ ಎದ್ದದ್ದು 2011ರಲ್ಲಿ. 2010ರ ಸೆಪ್ಟೆಂಬರ್ 15ರಂದು ಕೋಟ್ಟೂರುಪುರದಲ್ಲಿ ಪ್ರಾರಂಭವಾದ ಅಣ್ಣಾ ಶತಮಾನೋತ್ಸವ ಗ್ರಂಥಾಲಯವನ್ನು ಬೇರೆಡೆಗೆ ಸಾಗಿಸಿ ಆ ಕಟ್ಟಡವನ್ನು ಮಕ್ಕಳ ಆಸ್ಪತ್ರೆಯಾಗಿ ಮಾರ್ಪಡಿಸಲು ಸರ್ಕಾರ 2011ರ ನವೆಂಬರಿನಲ್ಲಿ ತೀರ್ಮಾನಿಸಿತು. ಆಸ್ಪತ್ರೆಯೂ ಲೋಕೋಪಯೋಗಿಯೇ. ಆದರೆ ಗ್ರಂಥಾಲಯದ ಪರವಾಗಿ ವಾದ ನಡೆದದ್ದು ಯಾವ ಮಂಡಳಿಯ ಸಭೆಯಲ್ಲಿಯೂ ಅಲ್ಲ, ಮದರಾಸು ಉಚ್ಚ ನ್ಯಾಯಾಲಯದಲ್ಲಿ. ನ್ಯಾಯಾಲಯದ ತಡೆಯಾಜ್ಞೆಯಿಂದ ಗ್ರಂಥಾಲಯ ಅಲ್ಲಿಯೇ ಉಳಿಯಿತು. ಜಿಲ್ಲೆಯ ಸಣ್ಣ ಶಾಖೆಯೊಂದನ್ನು ಸ್ಥಳಾಂತರಿಸಲು ಪ್ರಾಧಿಕಾರದ ನಿರ್ಣಯವೂ ನಿರ್ದೇಶಕರ ಅನುಮತಿಯೂ ಬೇಕು. ಸರ್ಕಾರವೇ ನೇರವಾಗಿ ನಡೆಸುವ ಬೃಹತ್ ಗ್ರಂಥಾಲಯಕ್ಕೆ ಅಂತಹ ಮಂಡಳಿಯ ರಕ್ಷಣೆ ಇಲ್ಲ ಎಂಬ ವೈಚಿತ್ರ್ಯ ಈ ಪ್ರಸಂಗದಿಂದ ಬೆಳಕಿಗೆ ಬಂದಿತು.

ಒಟ್ಟಿನಲ್ಲಿ ನೋಡಿದರೆ, ರಂಗನಾಥನ್ನರ ಚಿಂತನೆಯಿಂದ ಮೂಡಿದ ಗ್ರಂಥಾಲಯ ಪ್ರಾಧಿಕಾರವು ಕರ ಕೊಡುವ ನಾಗರಿಕನನ್ನು ಗ್ರಂಥಾಲಯದ ಒಡೆತನದಲ್ಲಿ ಪಾಲುದಾರನನ್ನಾಗಿ ಮಾಡುವ ಸಾಧನ. ಕರವು ರಸೀತಿಗಳಲ್ಲಿ ಇಂದಿಗೂ ಇದೆ, ಗ್ರಂಥಾಲಯಗಳೂ ಇವೆ. ಇವೆರಡನ್ನೂ ಜೋಡಿಸುವ ಸದಸ್ಯಸ್ಥಾನಗಳು ತೆರವಾಗದಂತೆ ನೋಡಿಕೊಳ್ಳುವುದು, ಅಲ್ಪಸಂಖ್ಯಾತ ಭಾಷೆಗಳ ಓದುಗರಿಗೂ ಅಲ್ಲಿ ಸ್ಥಳವಿರುವಂತೆ ಕೇಳುವುದು ವಿಶ್ವವಿದ್ಯಾಲಯಗಳ ಭಾಷಾ ವಿಭಾಗಗಳೂ ಕನ್ನಡ ಸಂಘಗಳೂ ಮಾಡಬಹುದಾದ ಕೆಲಸ. ಒಂದು ಅರ್ಜಿ, ಒಂದು ನಾಮಕರಣ, ಸಭೆಯಲ್ಲಿ ಕೇಳಿದ ಒಂದು ಪ್ರಶ್ನೆ ಇವು ಸಣ್ಣವಾಗಿ ಕಂಡರೂ ಕಪಾಟಿನಲ್ಲಿ ಕನ್ನಡ ಗ್ರಂಥವಿರುತ್ತದೆಯೇ ಇಲ್ಲವೇ ಎಂಬುದು ಕೊನೆಗೆ ಅವುಗಳಿಂದಲೇ ನಿರ್ಧಾರವಾಗುತ್ತದೆ.