ಬಿದ್ದ ಮರದ ಚೇಗು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ಕಾಡು ವಿರಳವಾಗಿರುವ ಎರೆನೆಲದ ಬಯಲುಸೀಮೆಯಾಗಿದ್ದು, ಇಲ್ಲಿ ಬಲಿತ ಮರಗಳು ಹೆಚ್ಚಾಗಿ ಹೊಲದ ಬದು, ಹಳ್ಳದ ದಂಡೆ, ರಸ್ತೆಯ ಅಂಚು ಮತ್ತು ಊರೊಳಗಿನ ಕಟ್ಟೆಗಳಲ್ಲಿ ಉಳಿದುಕೊಂಡಿವೆ. ಬಿರುಗಾಳಿಗೆ ಉರುಳಿದ, ಒಣಗಿ ನಿಂತ ಅಥವಾ ರಸ್ತೆ ವಿಸ್ತರಣೆಗಾಗಿ ಕಡಿದ ಇಂತಹ ಮರ ಸಾಮಾನ್ಯವಾಗಿ ತುಂಡುಗಳಾಗಿ ಕಟ್ಟಿಗೆ ಅಡ್ಡೆ ಸೇರುತ್ತದೆ; ಬಾಗಿಲಾಗಿ, ಬೆಂಚಾಗಿ ದಶಕಗಳ ಕಾಲ ಬಾಳಬಲ್ಲ ದಿಮ್ಮಿ ಒಲೆಯಲ್ಲಿ ಕೆಲವೇ ಗಂಟೆಗಳಲ್ಲಿ ಬೂದಿಯಾಗುತ್ತದೆ.

ಮರದ ಬೆಲೆಯೆಲ್ಲ ಅದರ ಚೇಗಿನಲ್ಲಿದೆ. ಚೇಗು ಎಂದರೆ ಕಾಂಡದ ನಡುವಿನ, ಬಣ್ಣ ಗಾಢವಾದ, ಗಟ್ಟಿಯಾದ ಭಾಗ. ಬೇವಿನ ಕೆಂಪು ಚೇಗಿಗೆ ಗೆದ್ದಲು ಸುಲಭವಾಗಿ ಹತ್ತುವುದಿಲ್ಲವಾದ್ದರಿಂದ ಅದು ಚೌಕಟ್ಟು, ಪೆಟ್ಟಿಗೆಗಳಿಗೆ ಒದಗುತ್ತದೆ. ಕರಿಜಾಲಿ ಪೆಟ್ಟು ತಾಳುವ ಗುಣದಿಂದಾಗಿ ಬಂಡಿಯ ಗಾಲಿ, ಕುಂಟೆ, ಕೂರಿಗೆಗಳ ಮರವೆನಿಸಿದೆ. ಹುಣಸೆಯ ಕಪ್ಪು ಚೇಗು ಕೊಡತಿಗೂ ಎಣ್ಣೆಗಾಣಕ್ಕೂ ಬಳಕೆಯಾಗಿದೆ.

ಈ ಗುಣಗಳು ಕೈಗೆ ದಕ್ಕುವುದೂ ದಕ್ಕದಿರುವುದೂ ಮರ ಕಡಿಯುವ ದಿನವೇ ತೀರ್ಮಾನವಾಗುತ್ತದೆ. ಬಾಗಿಲ ಚೌಕಟ್ಟಿಗೆ ಸುಮಾರು 7 ಅಡಿ ಉದ್ದದ ನೇರ ದಿಮ್ಮಿ ಬೇಕಾಗಿದ್ದು, ಲಾರಿಗೆ ಏರಿಸಲು ಸುಲಭವೆಂದು ಕಾಂಡವನ್ನು 2–3 ಅಡಿಗೆ ತುಂಡರಿಸಿದ ಮೇಲೆ ಯಾವ ಬಡಿಗನೂ ಅದನ್ನು ಸರಿಪಡಿಸಲಾರ. ಊರಮರದಲ್ಲಿ ಫಲಕಗಳಿಗಾಗಿ ಹೊಡೆದ ಮೊಳೆ, ಬಿಗಿದ ತಂತಿ ತೊಗಟೆಯೊಳಗೆ ಹುದುಗಿರುವುದರಿಂದ ಗರಗಸಕ್ಕೆ ಕೊಡುವ ಮೊದಲು ಲೋಹಶೋಧಕದಿಂದ ಪರೀಕ್ಷಿಸುವುದು ಅಗತ್ಯ; ಮರದ ಒಗರಿನ ಅಂಶವಾದ ಟ್ಯಾನಿನ್ ಕಬ್ಬಿಣದೊಡನೆ ಬೆರೆತಾಗ ಮೂಡುವ ಕಪ್ಪುನೀಲಿ ಕಲೆಯೂ ಅಡಗಿದ ಮೊಳೆಯ ಸುಳಿವು ನೀಡುತ್ತದೆ.

ಬಳಿಕ ಬರುವುದು ಹದಗೊಳಿಸುವ ಕೆಲಸ, ಅಂದರೆ ಹಸಿಮರದ ತೇವವನ್ನು ಸುಮಾರು ಶೇ 12ಕ್ಕೆ ನಿಧಾನವಾಗಿ ಇಳಿಸುವುದು. ಈ ಸೀಮೆಯಲ್ಲಿ ಬೇಸಿಗೆಯ ತಾಪ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಹಲಗೆಗಳು ಬಿಸಿಲಿಗೆ ಬಿದ್ದರೆ ತುದಿಯಿಂದಲೇ ಸೀಳುತ್ತವೆ. ಆದ್ದರಿಂದ ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿದು, ಹಲಗೆಗಳ ನಡುವೆ ಪಟ್ಟಿಗಳನ್ನಿಟ್ಟು, ಗಾಳಿಯಾಡುವ ನೆರಳಿನಲ್ಲಿ ಒಟ್ಟಬೇಕು. ಚೇಗಿನ ಹೊರಗಿನ ಬಿಳಿ ಭಾಗವನ್ನು ಕೊರೆಹುಳು ಬೇಗ ತಿನ್ನುವುದರಿಂದ ಅದಕ್ಕೆ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದ ಉಪಚಾರ ನೀಡಲಾಗುತ್ತದೆ.

ಮರವನ್ನು ಸುಡದೆ ಉಳಿಸಲು ಇನ್ನೊಂದು ಕಾರಣವೂ ಇದೆ: ಒಣಮರದ ತೂಕದಲ್ಲಿ ಸುಮಾರು ಅರ್ಧದಷ್ಟು ಇಂಗಾಲವಿದ್ದು, ಸುಟ್ಟಾಗ ಅದು ಗಾಳಿಗೆ ಸೇರಿದರೆ ಪೀಠೋಪಕರಣವಾದಾಗ ಅದರಲ್ಲೇ ಉಳಿಯುತ್ತದೆ. ಸತ್ತ ಮರಗಳನ್ನು ಹೀಗೆ ಬಳಸಿಕೊಂಡ ಉದಾಹರಣೆಯೂ ಇದೆ: ಅಮೆರಿಕದ ಮಿಶಿಗನ್‌ನಲ್ಲಿ 2002ರಲ್ಲಿ ಪತ್ತೆಯಾದ ಹಸಿರು ಕೊರೆಹುಳುವಿನಿಂದ ಆ್ಯಶ್ ಮರಗಳು ಅಪಾರ ಸಂಖ್ಯೆಯಲ್ಲಿ ಸತ್ತಾಗ, ಅಲ್ಲಿನ ಪಟ್ಟಣಗಳು ಅವುಗಳನ್ನು ಹಲಗೆಯಾಗಿಸುವ ವ್ಯವಸ್ಥೆಯನ್ನೇ ಕಟ್ಟಿಕೊಂಡವು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕಾಗಿದ್ದು, ಒಣಗಿದ, ರೋಗ ತಗುಲಿದ ಅಥವಾ ಗಾಳಿಗೆ ಬಿದ್ದ ಮರಗಳಿಗೆ ಅದನ್ನು ನಿರಾಕರಿಸುವಂತಿಲ್ಲ. ಅನುಮತಿ ಕೋರುವ ಹಂತದಲ್ಲೇ ಬಡಿಗರೊಬ್ಬರಿಂದ ಕಾಂಡದ ಪರಿಶೀಲನೆ ಮಾಡಿಸಿ, ದಿಮ್ಮಿಯ ಉದ್ದ ಗುರುತಿಸಿ, ಸ್ಥಳೀಯ ಸಂಸ್ಥೆಗಳು ಅದನ್ನು ಸೌದೆಯ ತೂಕಕ್ಕಲ್ಲದೆ ದಿಮ್ಮಿಯಾಗಿಯೇ ಹರಾಜು ಹಾಕಿದರೆ, ಊರಿನ ಶಾಲೆಯ ಬೆಂಚುಗಳು ಊರಿನ ಬೇವಿನಿಂದಲೇ ಸಿದ್ಧವಾಗಬಲ್ಲವು. ನಿಂತ ಮರವನ್ನು ಉಳಿಸುವುದೇ ಮೊದಲ ಕರ್ತವ್ಯ. ಉಳಿಸಲಾಗದ ಮರವನ್ನು ಪೂರ್ತಿಯಾಗಿ ಬಳಸುವುದು ಅದರ ಮುಂದಿನ ಕರ್ತವ್ಯ.